ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಿದರೆ

ಗದಗ
ಹೊಸ ಎಣಿಕೆಯ ನೂರಾ ಹದಿನಾಲ್ಕನೆಯ ವರ್ಷ, ಹದಿಮೂರನೆಯ ತಿಂಗಳ ಐದನೆಯ ದಿನ

ನೀಲಗಂಗಾ ಅಕ್ಕೋರಿಗೆ,

ಮೇಲಿನ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಇದು 2291ನೆಯ ಇಸವಿ. ನಿಮ್ಮ ಕಾಲದ ಕನ್ನಡವನ್ನು ನಾನು ಪುಸ್ತಕಗಳಿಂದ ಕಲಿತೆ. ಅದನ್ನು ಆಡುವವರ ದನಿಯನ್ನು ಒಂದೇ ಸಲ ಕೇಳಿದ್ದೇನೆ, ಅದೂ ಬಹಳ ದೂರದ ಊರಿನಲ್ಲಿ. ಎಲ್ಲಾದರೂ ಪದಗಳು ಸೊಟ್ಟಗೆ ಕೂತಿದ್ದರೆ, ಮಕ್ಕಳ ಉತ್ತರಪತ್ರಿಕೆ ತಿದ್ದಿದ ನಿಮ್ಮ ಕೈಯಿಂದಲೇ ತಿದ್ದಿಕೊಂಡು ಓದಬೇಕು.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಅದು ಕಾಗದವನ್ನು ಮಾತ್ರ ಒಯ್ಯುತ್ತದೆ, ಜೀವವಿರುವ ಏನನ್ನೂ ಒಯ್ಯುವುದಿಲ್ಲ. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಕಾಗದ. ಹೆಚ್ಚಿನವರು ತಮ್ಮ ಸರದಿಯನ್ನು ಹಳೆಯ ದೊರೆಗಳಿಗೆ, ಮಂತ್ರಿಗಳಿಗೆ ಬರೆದು, ಯುದ್ಧ ನಿಲ್ಲಿಸಿರಿ ಎಂದು ಕೇಳಿಕೊಂಡು ಮುಗಿಸುತ್ತಾರೆ. ಯಾವ ಯುದ್ಧವೂ ನಿಂತ ಸುದ್ದಿಯಿಲ್ಲ. ನಾನು ನನ್ನ ಕಾಗದವನ್ನು ಗದಗದ ಒಬ್ಬ ನಿವೃತ್ತ ಭೂಗೋಳ ಶಿಕ್ಷಕಿಗೆ, ಒಂದು ಚಮಚ ಮೊಸರಿನ ವಿಷಯವಾಗಿ ಬರೆಯುತ್ತಿದ್ದೇನೆ. ಆ ಪದವನ್ನು ಬರೆಯುವಾಗಲೂ ನಾಲಿಗೆಯ ಬುಡದಲ್ಲಿ ನೀರು ಕೂಡುತ್ತದೆ. ಆಸೆಯ ನೀರಲ್ಲ, ವಾಂತಿಗೆ ಮುಂಚೆ ಬರುವ ನೀರು.

ನನ್ನ ಹೆಸರು ಪಾರವ್ವ. ನಮ್ಮಲ್ಲಿ ಈಗ ಓಣಿಯೇ ಅಡ್ಡಹೆಸರು, ಆದ್ದರಿಂದ ಪಾರವ್ವ ಏಳನೆಯ ಓಣಿ. ಹಳೆಯ ಪುಸ್ತಕಗಳ ಅನುವಾದವನ್ನು ಮೂಲದ ಜೊತೆ ಸಾಲುಸಾಲಾಗಿ ಹೊಂದಿಸಿ ನೋಡಿ, ಎಲ್ಲಿ ತಪ್ಪಿದೆ ಎಂದು ಹೇಳುವುದು ನನ್ನ ಕೆಲಸ. ನಿಮ್ಮ ಕನ್ನಡದಿಂದ ನಮ್ಮ ಕನ್ನಡಕ್ಕೂ ಈಗ ಅನುವಾದ ಬೇಕು. ನಿಮ್ಮ ನೋಟುಬುಕ್ಕು, ಮೇಲಿನ ಚೀಟಿಯಲ್ಲಿ ಹೆಸರಿನ ಕೆಳಗೆ "ವಿಷಯ: ಪರದೇಶದ ಊಟ" ಎಂದು ಬರೆದದ್ದು, ನಮ್ಮಲ್ಲಿ ಎರಡು ಅನುವಾದಗಳಲ್ಲಿ ಸಿಗುತ್ತದೆ. ಎರಡೂ ಒಂದೇ ಪದದ ಹತ್ತಿರ ಮುಗ್ಗರಿಸಿವೆ. ಮೊದಲನೆಯವರು ಮೊಸರನ್ನು "ಬಿಳಿ ಗಂಜಿ" ಮಾಡಿ ದಾಟಿಕೊಂಡರು. ಎರಡನೆಯವರು ಪ್ರಾಮಾಣಿಕರು. ಅವರು ಪುಟದ ಕೆಳಗೆ ಹೀಗೆ ಟಿಪ್ಪಣಿ ಹಾಕಿದ್ದಾರೆ: "ಮೊಸರು: ತಿಳಿದೂ ತಿಳಿದೂ ಕೆಡಿಸಿದ ಹಾಲು. ಆ ಕಾಲದ ಜನ ಊಟದ ಕೊನೆಗೆ ಇದನ್ನು ಸಮಾಧಾನಕ್ಕೆಂದು ತಿನ್ನುತ್ತಿದ್ದರು. ಕಾರಣ ತಿಳಿದಿಲ್ಲ." ನಾನು ಅಂಚಿನಲ್ಲಿ "ನಂಬಲಾಗದು, ಮೂಲ ನೋಡಬೇಕು" ಎಂದು ಗುರುತು ಹಾಕಿ ಮೂಲ ತರಿಸಿದೆ. ಟಿಪ್ಪಣಿ ಸರಿಯಾಗಿತ್ತು.

ನಿಮ್ಮ ಮಾತನ್ನೇ ನಿಮಗೆ ಹೇಳುವುದು ಉದ್ಧಟತನ. ಆದರೂ ಓದಿದ್ದೇನೆ ಎಂಬುದಕ್ಕೆ ಗುರುತು ಬೇಕಲ್ಲ. ಜಪಾನಿನ ಹೋಟೆಲಿನಲ್ಲಿ ಬೆಳಗಿನ ತಿಂಡಿಗೆ ನಿಮ್ಮ ಮುಂದೆ ಕೊಳೆಸಿದ ಸೋಯಾ ಕಾಳು ಇಟ್ಟರು. ಅದಕ್ಕೆ ನಾಟ್ಟೋ ಎಂದು ಹೆಸರು. ನೀವು ಬರೆದಿರಿ: "ಕಡ್ಡೀಲೆ ಎತ್ತಿದ್ರ ಎಳಿ ಎಳಿ ಬರ್ತೈತಿ. ಶ್ಯಾವಿಗಿ ಹಂಗ ಅಂತ ಬರೀಬೇಕಂದೆ, ಖರೇ ಅಂದ್ರ ಹುಡುಗರ ಗೊಣ್ಣಿ ಹಂಗ." ಫ್ರಾನ್ಸಿನಲ್ಲಿ ನೀಲಿ ಬೂಷ್ಟು ಹಿಡಿದ, ಚೀಸ್ ಎಂಬ ಗಿಣ್ಣವನ್ನು ನಿಮ್ಮ ಜೊತೆಯವರೆಲ್ಲ ಬಿಟ್ಟರೂ ನೀವು ಬಿಡಲಿಲ್ಲ. "ಮಳಿಗಾಲದಾಗ ಶಾಲಿ ಬಿಟ್ಟ ಮ್ಯಾಲೆ ನಲವತ್ತು ಹುಡುಗರ ಕಾಲುಚೀಲ ಒಂದೇ ಡಬ್ಬ್ಯಾಗ ಹಾಕಿ ಮುಚ್ಚಿದಂಗ" ಎಂದು ಬರೆದು, ಅದನ್ನೂ ಮೂರು ಸಲ ತಿಂದಿರಿ. ಭೂಗೋಳ ಕಲಿಸಿದಾಕಿ ನಕ್ಷೆ ನೋಡಿ ಬಂದರೆ ಸಾಲದು, ನುಂಗಿ ಬರಬೇಕು ಎಂಬುದು ನಿಮ್ಮ ವಾದ. ಗದಗಕ್ಕೆ ಬಂದ ಮೇಲೆ ಇನ್ನೂ ಮುಂದೆ ಹೋಗಿ, ಸೋಯಾ ಕಾಳು ಕುದಿಸಿ, ಭತ್ತದ ಹುಲ್ಲಿನಲ್ಲಿ ಸುತ್ತಿ, ಕಂಬಳಿ ಹೊದಿಸಿ ಗೋಡೆಯ ಮಾಡದಲ್ಲಿ ಇಟ್ಟಿರಿ. ಮೂರನೆಯ ದಿನ ನಿಮ್ಮ ಯಜಮಾನರು ವಿರೂಪಾಕ್ಷಪ್ಪನವರು "ಮನ್ಯಾಗ ಎಲ್ಲೋ ಇಲಿ ಸತ್ತೈತಿ" ಎಂದು ಕಪಾಟುಗಳನ್ನೆಲ್ಲ ಎಳೆದು ನೋಡಿ, ಸಿಗದೆ, ಎರಡು ದಿನ ಖಾನಾವಳಿಯಲ್ಲಿ ಉಂಡರು. ಮೊದಲ ಸಲ ಓದಿದಾಗ ನಾನು ಈ ಪುಟಗಳಲ್ಲಿ ನಿಮ್ಮ ಜೊತೆಗೇ ಇದ್ದೆ. ಇನ್ನೂರ ಅರವತ್ತೈದು ವರ್ಷದ ಆಚೆಗೂ ಒಬ್ಬ ಹೆಂಗಸಿನ ಹೇಸಿಗೆ ಇನ್ನೊಬ್ಬಳಿಗೆ ಹೀಗೆ ತಾಗುತ್ತದಲ್ಲ ಎಂದು ಸಂತೋಷಪಟ್ಟೆ.

ಆಮೇಲೆ ನೀವು ಆ ಪ್ರತಿಯೊಂದು ಪುಟದ ಕೊನೆಗೂ ಮೊಸರನ್ನ ಕಲೆಸಿಕೊಂಡಿರಿ. "ಅಬ್ಬಾ, ಈಗ ಹೊಟ್ಟಿ ಹೊಟ್ಟ್ಯಾಗ ಬಂತು" ಎಂದು ಬರೆದಿರಿ. ನಾನು ಪುಸ್ತಕ ಮುಚ್ಚಿದೆ. ಕೊಳೆತ ಕಾಳಿಗೆ ಮೂಗು ಮುಚ್ಚಿಕೊಂಡವರು ಕೊಳೆತ ಹಾಲನ್ನು ಬೆರಳಿನಿಂದ ಬಳಿದು ನೆಕ್ಕಿದರೆ ಓದುವವಳು ಏನು ತಿಳಿಯಬೇಕು?

ನಿಮಗೆ ನಮ್ಮ ಊಟ ಹೇಳಬೇಕು. ನೂರಾ ನಲವತ್ತು ವರ್ಷದ ಹಿಂದೆ ಬೂಷ್ಟಿನ ವರ್ಷಗಳು ಎಂದು ನಾವು ಕರೆಯುವ ಕಾಲ ಬಂತು. ಕಣಜದ ಕಾಳು, ಡಬ್ಬಿಯ ಹಿಟ್ಟು, ತೊಟ್ಟಿಲ ಕೂಸಿನ ಹಾಲು ಎಲ್ಲಕ್ಕೂ ಒಂದೇ ಬೂದು ಬೂಷ್ಟು ಹತ್ತಿ, ತಿಂದವರು ಸತ್ತರು. ಬದುಕಿದವರು ಕಾನೂನು ಮಾಡಿದರು: ಜೀವವಿರುವುದು ಬಾಯಿಗೆ ಸಲ್ಲದು. ಅಂದಿನಿಂದ ನಾವು ಶುದ್ಧಬಿಲ್ಲೆ ತಿನ್ನುತ್ತೇವೆ. ಅಂಗೈಯಗಲದ, ಬಿಸಿಯಾದ, ಬಿಳಿಯ ಬಿಲ್ಲೆ. ಬೆಳಗಿನದಕ್ಕೆ ಸ್ವಲ್ಪ ಉಪ್ಪು, ಸಂಜೆಯದಕ್ಕೆ ಸ್ವಲ್ಪ ಸಿಹಿ. ಅದಕ್ಕೆ ವಾಸನೆ ಇಲ್ಲ. ನಾವು ಬೆನ್ನುಪಂಕ್ತಿಯಲ್ಲಿ ಕೂರುತ್ತೇವೆ, ಅಂದರೆ ಒಬ್ಬರ ಬೆನ್ನಿಗೆ ಒಬ್ಬರು ಬೆನ್ನು ಮಾಡಿ, ಅಗಿಯುವ ಬಾಯಿ ಯಾರ ಕಣ್ಣಿಗೂ ಬೀಳದ ಹಾಗೆ. ನನ್ನ ತಾಯಿ ತಿನ್ನುವುದನ್ನು ನಾನು ಒಮ್ಮೆಯೂ ನೋಡಿಲ್ಲ. ಹೊರಗಿನಿಂದ ತಂದ ಯಾವ ವಸ್ತುವನ್ನೂ ಬಾಗಿಲ ಪಕ್ಕದ ಸುಡುಗೂಡಿನಲ್ಲಿ ಇಟ್ಟು, ಕಾಯಿಸಿ, ಆಮೇಲೆ ಒಳಗೆ ಒಯ್ಯುತ್ತೇವೆ. ಮಕ್ಕಳು ನಡೆಯಲು ಕಲಿಯುವುದಕ್ಕೆ ಮುಂಚೆ ಸುಡುಗೂಡಿನ ಬಾಗಿಲು ತೆರೆಯಲು ಕಲಿಯುತ್ತವೆ. ಅಡುಗೆಮನೆ ಎಂಬ ಪದ ನನಗೆ ಕಾದಂಬರಿಗಳಿಂದ ಗೊತ್ತು.

ಈ ಶುದ್ಧಿಗೆ ಬೆಲೆ ತೆತ್ತದ್ದು ನನ್ನ ಮೊಮ್ಮಗಳು. ಈಚಿನ ಮೂವತ್ತು ವರ್ಷಗಳಲ್ಲಿ ಕೆಲವು ಮಕ್ಕಳು ಬರಿಗರುಳಿನವಾಗಿ ಹುಟ್ಟುತ್ತಿವೆ. ಅವುಗಳ ಕರುಳಿನಲ್ಲಿ ಇರಬೇಕಾದ ಜೀವಗಳು ಇರುವುದಿಲ್ಲ, ಏಕೆಂದರೆ ತಾಯಂದಿರಲ್ಲೂ ಉಳಿದಿಲ್ಲ. ಅವು ಹಾಲು ಕುಡಿಯುತ್ತವೆ, ಆದರೆ ಮೈಗೆ ಹತ್ತುವುದಿಲ್ಲ. ನನ್ನ ಮಗಳು ದಾಕ್ಷಾಯಣಿಯ ಕೂಸು ಚಿಗರಿ ಒಂಬತ್ತು ತಿಂಗಳಿಗೆ ನಾಲ್ಕು ತಿಂಗಳ ಕೂಸಿನಷ್ಟು ತೂಗುತ್ತಿತ್ತು. ಅತ್ತರೆ ದನಿ ಹೊರಗೆ ಬರುತ್ತಿರಲಿಲ್ಲ. ವೈದ್ಯರು ಹೊಸದಾಗಿ ತಯಾರಿಸಿದ ಜೀವಗಳನ್ನು ಹಾಕಿ ನೋಡಿದರು. ಅವು ಮೂರು ದಿನವೂ ನಿಲ್ಲಲಿಲ್ಲ. ಮನುಷ್ಯರ ಕೈಯಿಂದ ಕೈಗೆ ಮುರಿಯದೆ ಬಂದ ಹಳೆಯ ಹೆಪ್ಪು ಎಲ್ಲಾದರೂ ಇದ್ದರೆ ಮಾತ್ರ ಪ್ರಯತ್ನಿಸಬಹುದು, ಆದರೆ ಅದು ಭೂಮಿಯ ಮೇಲೆ ಉಳಿದಿರಲಾರದು ಎಂದರು. ನಾನು ನಿಮ್ಮ ನೋಟುಬುಕ್ಕಿನ ಕೊನೆಯ ಪುಟವನ್ನು ನೆನೆದೆ. ಅದನ್ನು ನೀವಿನ್ನೂ ಬರೆದಿಲ್ಲ. ಹಿಂದಂಚೆಯವರ ಎಣಿಕೆ ಸರಿಯಾದರೆ ಈ ಕಾಗದ ಸಿಕ್ಕ ಏಳೆಂಟು ದಿನಕ್ಕೆ ಬರೆಯುತ್ತೀರಿ. ಅದರಲ್ಲಿ ನಿಮ್ಮ ಮಾಳಿಗೆಯ ಬಾಡಿಗೆಯವಳು, ನರ್ಸ್ ಸಲೋಮಿ ದೇವಪುತ್ರ, ಐರ್ಲೆಂಡಿನ ಗಾಲ್ವೇ ಎಂಬ ಊರಿಗೆ ಕೆಲಸಕ್ಕೆ ಹೊರಟಿದ್ದಾಳೆ, ಮತ್ತು ಹೆಪ್ಪು ಕೇಳುತ್ತಿದ್ದಾಳೆ.

ನಮ್ಮ ಊರಿನ ಶುದ್ಧಿಸಭೆ ಒಪ್ಪಿಗೆ ಕೊಟ್ಟಿತು, ಎರಡು ಕರಾರಿನ ಮೇಲೆ. ತಂದವರು ಅದನ್ನು ತಮ್ಮ ಮನೆಯಲ್ಲೇ, ತಮ್ಮ ಕೈಯಿಂದಲೇ ಬೆಳೆಸಬೇಕು. ಮತ್ತು ನಲವತ್ತು ದಿನ ಸಾಕ್ಷಿಗಳ ಎದುರಿಗೆ, ಮುಖ ತೋರಿಸಿ, ತಾವೇ ತಿನ್ನಬೇಕು. ದಾಕ್ಷಾಯಣಿ ಕೂಸನ್ನು ಬಿಟ್ಟು ಹೋಗುವಂತಿರಲಿಲ್ಲ. ಪರದೇಶಕ್ಕೆ ಹೋಗಿ ಕಂಡಕಂಡದ್ದನ್ನು ತಿನ್ನುವ ಹಂಬಲ ನನಗೆ ಎಂದೂ ಇರಲಿಲ್ಲ. ನಾನು ಅನುವಾದದಲ್ಲಿ ಓದಿ ತೃಪ್ತಳಾಗುವ ಜಾತಿ. ಅರವತ್ತೆರಡನೆಯ ವಯಸ್ಸಿನಲ್ಲಿ, ಕಾಗದದ ಮೇಲೆ ಮುದ್ರಿಸಿದ ನಿಮ್ಮ ನೋಟುಬುಕ್ಕಿನ ಪ್ರತಿ ಹಿಡಿದು ಗಾಳಿಹಡಗು ಹತ್ತಿದೆ.

ಗಾಲ್ವೇ ಈಗ ಅರ್ಧ ಕಡಲಿನಲ್ಲಿದೆ. ಉಳಿದರ್ಧದಲ್ಲಿ ದೇವಪುತ್ರರ ಮನೆ ಹುಡುಕುವುದು ಕಷ್ಟವಾಗಲಿಲ್ಲ, ವಾಸನೆ ದಾರಿ ತೋರಿಸಿತು. ಮನೆಯೊಡತಿ ರೂತಮ್ಮನಿಗೆ ಎಂಬತ್ತು ದಾಟಿದೆ. ನಿಮ್ಮ ಸಲೋಮಿಯ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು. ಗದಗದಲ್ಲಿ ಯಾರೂ ಆಡದ ಗದಗದ ಮಾತನ್ನು ಆ ಮನೆಯಲ್ಲಿ ಇನ್ನೂ ಆಡುತ್ತಾರೆ. ನನ್ನನ್ನು ಊಟಕ್ಕೆ ಕರೆದರು. ರೂಢಿಯಂತೆ ನಾನು ಬೆನ್ನು ಮಾಡಿ ಕೂತೆ. "ಯವ್ವಾ ಗದಗಿನಾಕಿ, ನಿನ್ನ ಬೆನ್ನಿಗೆ ಬಡಸಲೇನ? ಈ ಕಡೆ ತಿರಗ" ಎಂದಳು ರೂತಮ್ಮ. ತಿರುಗಿದರೆ ಏಳು ಬಾಯಿಗಳು ಒಟ್ಟಿಗೆ ಅಗಿಯುತ್ತಿದ್ದವು. ಹಲ್ಲು, ನಾಲಿಗೆ, ತುಟಿಯ ಮೂಲೆಯ ಎಣ್ಣೆ. ಮನುಷ್ಯರ ಮುಖ ಹೀಗೆ ಒದ್ದೆಯಾಗಿ ಚಲಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮೊದಲು ಬ್ರೆಡ್ಡು ಕೊಟ್ಟರು. ಕತ್ತರಿಸಿದ ಮುಖದ ತುಂಬ ತೂತು. ಏಕೆ ಎಂದು ಕೇಳಬಾರದಿತ್ತು, ಕೇಳಿದೆ. ಹಿಟ್ಟಿನೊಳಗೆ ಸಣ್ಣ ಜೀವಗಳು ಉಸಿರಾಡಿ ಉಬ್ಬಿಸಿದ ಗುರುತು ಅವು, ಆಮೇಲೆ ಬೇಯಿಸುತ್ತೇವೆ ಎಂದರು. ಅಂದರೆ ನಾನು ಒಂದು ಊರಿನ ಕೊನೆಯ ಉಸಿರನ್ನು ತಿನ್ನುತ್ತಿದ್ದೆ. ನಂತರ ಉಪ್ಪಿನಕಾಯಿ: ಎರಡು ವರ್ಷದ ಹಿಂದೆ ಕತ್ತರಿಸಿದ ಮಾವಿನಕಾಯಿ, ಎಣ್ಣೆಯಲ್ಲಿ ಕಣ್ಣು ಮುಚ್ಚಿ ಮಲಗಿದ ಹಾಗೆ. ಮಣ್ಣಿನಿಂದ ಆಗ ತಾನೆ ಎಳೆದ ಈರುಳ್ಳಿ, ಬುಡದ ಗಡ್ಡದ ಸಮೇತ. ಕಡಲ ಪಾಚಿಯ ಪಲ್ಯ; ಅದನ್ನು ನಾನು ನುಂಗಲಿಲ್ಲ, ಅದೇ ಜಾರಿಕೊಂಡು ಒಳಗೆ ಹೋಯಿತು, ಕೇಳದೆ. ಇವೆಲ್ಲ ಪೀಠಿಕೆ.

ಕೊನೆಗೆ ರೂತಮ್ಮ ಮಣ್ಣಿನ ಗಡಿಗೆ ತಂದಳು. ಮುಚ್ಚಳ ತೆಗೆದಾಗ ಬಂದ ವಾಸನೆಯನ್ನು ವರ್ಣಿಸಲು ನನ್ನ ಬಳಿ ಪದವಿಲ್ಲ, ನಿಮ್ಮ ಕಾಲುಚೀಲವನ್ನು ಎರವಲು ತರಬೇಕಾಗುತ್ತದೆ. ಸೌಟು ಇಳಿದ ಕಡೆ ಅದು ಸೀಳಿ ನಿಂತಿತು, ಸೀಳಿನೊಳಗೆ ಹಳದಿ ನೀರು ಒಸರಿತು, ಗಾಯದಲ್ಲಿ ಒಸರುವ ಹಾಗೆ. ಬಟ್ಟಲಿಗೆ ಬಿದ್ದ ಮೇಲೂ ಸ್ವಲ್ಪ ಹೊತ್ತು ಅಲುಗಾಡಿತು. ನಾನು ಅದನ್ನು ನೋಡಿದೆ. ಅದೂ ನನ್ನನ್ನು ನೋಡಿತು ಎನಿಸಿತು. ಬಾಯಿಗೆ ಇಟ್ಟರೆ ಮೊದಲು ತಂಪು, ಆಮೇಲೆ ಹುಳಿ, ಆಮೇಲೆ ದವಡೆಯ ಮೂಲೆಯಲ್ಲಿ ಯಾರೋ ಚಿವುಟಿದಂತೆ. ಒಳಗೆ ಹೋದ ಮೇಲೂ ಅದು ಸುಮ್ಮನಿರಲಿಲ್ಲ, ತಾನಿದ್ದೇನೆ ಎಂದು ಹೇಳುತ್ತಲೇ ಇತ್ತು. ಶುದ್ಧಬಿಲ್ಲೆ ಎಂದೂ ಹಾಗೆ ಮಾಡಿಲ್ಲ. "ಮಾರಿ ಯಾಕ ಹಂಗ ಮಾಡ್ತಿ?" ಎಂದಳು ರೂತಮ್ಮ. "ನೀ ಅದನ್ನ ತಿನ್ನಾಕತ್ತಿ, ಅದೇನ ನಿನ್ನ ತಿನ್ನಾಕತ್ತಿಲ್ಲ." ಪಂಕ್ತಿಯೆಲ್ಲ ನಕ್ಕಿತು. ನಾನು ಎದ್ದು ಹೋಗಿ ಅವರ ಹಿತ್ತಲಿನಲ್ಲಿ ಕಕ್ಕಿದೆ. ಮರಳಿ ಬಂದಾಗ ಬಟ್ಟಲಿನಲ್ಲಿ ಇನ್ನೊಂದು ಸೌಟು ಇತ್ತು.

ಆ ಮನೆಯಲ್ಲಿ ಒಂದು ನಿಯಮವಿದೆ. ಒಂದೇ ಗಡಿಗೆಯಿಂದ ಏಳು ದಿನ ಉಂಡವರಿಗೆ ಮಾತ್ರ ಹೆಪ್ಪು. "ತಿನ್ನಾಕ ಬರದವ್ರ ಕೈಯಾಗ ಕೊಟ್ರ ಅದು ಸಾಯ್ತೈತಿ" ಎಂಬುದು ರೂತಮ್ಮನ ಕಾರಣ. ಕೂಸಿನ ವಿಷಯ ಹೇಳಿ ಬೇಡಿಕೊಂಡೆ. "ಕೂಸಿನ ಸಲುವಾಗೇ ಹೇಳಾಕತ್ತೇನಿ" ಎಂದಳು. ಏಳು ದಿನ ಉಂಡೆ. ಬಟ್ಟಲನ್ನು ನೋಡುವುದು ತಪ್ಪಲಿ ಎಂದು ನಿಮ್ಮ ನೋಟುಬುಕ್ಕನ್ನು ಎದುರಿಗೆ ತೆರೆದಿಟ್ಟು, ಕೊನೆಯ ಪುಟವನ್ನೇ ಮತ್ತೆ ಮತ್ತೆ ಓದುತ್ತ ಚಮಚ ಎತ್ತುತ್ತಿದ್ದೆ. ನಾಲ್ಕನೆಯ ದಿನ ಚಮಚದಿಂದ ಒಂದು ಗುಪ್ಪೆ ಪುಟದ ಮೇಲೆ ಬಿತ್ತು. ಒರೆಸಲು ಮುಟ್ಟಬೇಕಾಗುತ್ತದೆ. ಮುಟ್ಟಲಾರದೆ ಪುಸ್ತಕ ಮುಚ್ಚಿಬಿಟ್ಟೆ. ಮರುದಿನಕ್ಕೆ ಪುಟಗಳು ಅಂಟಿಕೊಂಡು ನಾರುತ್ತಿದ್ದವು. ನಲವತ್ತು ವರ್ಷ ಪುಸ್ತಕಗಳ ನಡುವೆ ಬದುಕಿದ ನನಗೆ ಅದಕ್ಕಿಂತ ನಾಚಿಕೆಯ ಸಂಗತಿ ಇರಲಿಲ್ಲ.

ಏಳನೆಯ ಸಂಜೆ ರೂತಮ್ಮ ಗಡಿಗೆ ಮುಂದಿಟ್ಟುಕೊಂಡು, ಒಂದು ಬಿಳಿ ಅರಿವೆ ಮಡಿಸಿಟ್ಟು, ಮನೆಯವರಿಗೆಲ್ಲ ಒಂದು ಮಾತು ಹೇಳಿದಳು. ಅವರು ಎದ್ದು ಒಂದೊಂದೇ ದೀಪ ಆರಿಸಿದರು. ಕತ್ತಲಲ್ಲಿ ನನ್ನ ಅಂಗೈಗೆ ಮೊಸರಿನಲ್ಲಿ ಅದ್ದಿದ ತಣ್ಣನೆಯ ಅರಿವೆ ಬಂದು ಕೂತಿತು. ಮತ್ತೆ ದೀಪ ಹಚ್ಚಿದರು. ಇದೇಕೆ ಎಂದು ಕೇಳಿದೆ. "ಗೊತ್ತಿಲ್ಲವ್ವ. ಸಲೋಮಿ ಅಮ್ಮಗ ಅವ್ರ ಅಕ್ಕೋರು ಹಿಂಗ ಕೊಟ್ಟಿದ್ರಂತ. ಸಂಜೀಲೆ ಕೊಡೂದಾದ್ರ ದೀಪಾ ಶಾಂತ ಮಾಡಿ ಕೊಡಬೇಕು. ಅಷ್ಟ." ಈ ಸಂಗತಿಯನ್ನು ನೆನಪಿಡಿ ಅಕ್ಕೋರೆ, ನನ್ನ ಕಾಗದದ ಕೆಲಸವೇ ಇದರಲ್ಲಿದೆ.

ಅರಿವೆಯನ್ನು ನೆರಳಿನಲ್ಲಿ ಒಣಗಿಸಿ, ಮಡಿಸಿ, ಎದೆಯ ಚೀಲದಲ್ಲಿಟ್ಟುಕೊಂಡು ಗದಗಕ್ಕೆ ಬಂದೆ. ದಾರಿಯುದ್ದಕ್ಕೂ ಅದನ್ನು ಬಿಸಿಲಿಗೆ ತೋರಿಸಲಿಲ್ಲ, ನೀರಿಗೆ ತಾಗಿಸಲಿಲ್ಲ. ನಮ್ಮ ಬಾಗಿಲು ಬಂತು. ಒಳಗೆ ಚಿಗರಿ ಅಳುತ್ತಿತ್ತು, ಅಂದರೆ ಬಾಯಿ ತೆರೆದಿತ್ತು. ಅದನ್ನೇ ನೋಡುತ್ತ ನಾನು ಚೀಲ ಬಿಚ್ಚಿ, ಚಪ್ಪಲಿ ಬಿಟ್ಟು, ಅರವತ್ತು ವರ್ಷದಿಂದ ಮಾಡುತ್ತ ಬಂದದ್ದನ್ನು ಮಾಡಿದೆ: ಕೈಯಲ್ಲಿದ್ದುದನ್ನು ಸುಡುಗೂಡಿನಲ್ಲಿ ಇಟ್ಟು ಬಾಗಿಲು ಹಾಕಿದೆ. ಗೂಡು ಕಾಯ್ದು ಹಸಿರು ದೀಪ ಹತ್ತಿದಾಗ ಮಾತ್ರ ನನ್ನ ಕೈ ಏನು ಮಾಡಿತು ಎಂದು ತಿಳಿಯಿತು. ಅರಿವೆ ಬೆಳ್ಳಗೆ, ಗರಿಗರಿಯಾಗಿ, ಯಾವ ವಾಸನೆಯೂ ಇಲ್ಲದೆ ಹೊರಗೆ ಬಂತು. ನಮ್ಮಲ್ಲಿ ಬಿಟ್ಟರೆ ಜಗತ್ತಿನಲ್ಲಿ ಯಾರೂ ಮಾಡದ ತಪ್ಪು ಇದು. ಆದರೂ ಕೂಸಿಗೆಂದು ಬರುವ ಶುದ್ಧ ಹಾಲನ್ನು ಉಗುರುಬೆಚ್ಚಗೆ ಮಾಡಿ ಅದರಲ್ಲಿ ಅದ್ದಿಟ್ಟೆ. ಮರುದಿನ ಹಾಲು ಹಾಲಾಗಿಯೇ ಇತ್ತು, ಮೂರನೆಯ ದಿನವೂ. ಇನ್ನೊಂದು ಮಾತು ಮುಚ್ಚಿಡಬಾರದು: ಕೆಡದ ಆ ಹಾಲನ್ನು ನೋಡಿ, ಇನ್ನು ತಿನ್ನಬೇಕಾಗಿಲ್ಲವಲ್ಲ ಎಂದು ನನ್ನ ಹೊಟ್ಟೆ ಒಂದು ಕ್ಷಣ ಹಗುರಾಯಿತು. ಆ ಕ್ಷಣಕ್ಕೆ ನನ್ನ ಮೇಲೆ ಹುಟ್ಟಿದ ಹೇಸಿಗೆಯ ಮುಂದೆ ಮೊಸರಿನದು ಏನೂ ಅಲ್ಲ.

ದಾಕ್ಷಾಯಣಿ ಬೈಯಲಿಲ್ಲ. ಅವಳ ಮಾತನ್ನು ನಿಮ್ಮ ಮಾತಿಗೆ ತಿರುಗಿಸಿದರೆ ಹೀಗಾಗುತ್ತದೆ: "ಬಿಡವ್ವ. ನೀ ಅಲ್ಲಿತನಕ ಹೋಗಿ ಏಳು ದಿನ ತಿಂದೆ. ನಾ ಆಗಿದ್ರ ಒಂದು ತುತ್ತೂ ತಿಂತಿದ್ದಿಲ್ಲ." ಹಾಗೆಂದು ಕೂಸನ್ನು ಭುಜದ ಮೇಲೆ ಹಾಕಿಕೊಂಡು ಗೋಡೆಯ ಕಡೆ ತಿರುಗಿದಳು. ಚಿಗರಿಯ ಕಾಲು ಅವಳ ಬೆನ್ನ ಮೇಲೆ ನೂಲಿನ ಹಾಗೆ ತೂಗುತ್ತಿತ್ತು. ಮತ್ತೊಂದು ಪ್ರಯಾಣಕ್ಕೆ ಎರಡು ತಿಂಗಳು ಬೇಕು. ಕೂಸಿಗೆ ಎರಡು ತಿಂಗಳು ಇರಲಿಲ್ಲ.

ನಮ್ಮ ಮನೆಗಳಲ್ಲಿ ಪುಸ್ತಕಕ್ಕೆ ಮಾತ್ರ ಸುಡುಗೂಡು ಇಲ್ಲ, ಇಟ್ಟರೆ ಕರಕಲಾಗುತ್ತದೆ. ಅದನ್ನು ಚೀಲದಲ್ಲಿ ಕಟ್ಟಿ ಹೊರಗಿನ ಕಟ್ಟೆಯ ಗೂಡಿನಲ್ಲಿ ಏಳು ದಿನ ಇಡಬೇಕು; ನಿಮ್ಮ ನೋಟುಬುಕ್ಕನ್ನೂ ಬಂದ ದಿನವೇ ಹಾಗೆ ಇಟ್ಟಿದ್ದೆ. ನಾಲ್ಕನೆಯ ದಿನ ಅಂಗಳಕ್ಕೆ ಬಂದ ನೆರೆಯಾಕೆ, ನಿಮ್ಮ ಕಟ್ಟೆಯ ಮೇಲೆ ಏನೋ ಸತ್ತು ನಾರುತ್ತಿದೆ, ತೆಗೆಸಿ ಎಂದು ಜಗಳಕ್ಕೆ ನಿಂತಳು. ಎಲ್ಲಿ ಎಂದು ಕೇಳಲಿಲ್ಲ, ನನಗೆ ಗೊತ್ತಾಯಿತು. ಚೀಲ ಬಿಚ್ಚಿ, ಅಂಟಿದ ಪುಟಗಳನ್ನು ಬಿಡಿಸಿ, ನಿಮ್ಮ ಕೊನೆಯ ಪುಟದ ಮೇಲಿದ್ದ ಹಳದಿ ಚಕ್ಕೆಯನ್ನು ಬರಿಗೈಯಿಂದ ಮುಟ್ಟಿದೆ. ಪುಸ್ತಕದ ಹಾಳೆ ಕತ್ತರಿಸುವುದು ನನ್ನ ಕಸುಬಿನಲ್ಲಿ ಪಾಪ. ಕತ್ತರಿಸಿದೆ. ಹಾಳೆಯನ್ನು ಹಾಲಿಗೆ ಹಾಕಿ, ಬಟ್ಟಲನ್ನು ನನ್ನ ಹಳೆಯ ಶಾಲಿನಲ್ಲಿ ಸುತ್ತಿ, ಕೂಸಿನ ತೊಟ್ಟಿಲ ಪಕ್ಕದಲ್ಲಿ ಇಟ್ಟೆ. ಅದು ನಮ್ಮ ಮನೆತನದಲ್ಲಿ ನೂರಾ ನಲವತ್ತು ವರ್ಷದಲ್ಲಿ ನಡೆದ ಮೊದಲ ಅಡುಗೆ. ಬೆಳಿಗ್ಗೆ ಬಟ್ಟಲನ್ನು ಓರೆ ಮಾಡಿದೆ. ಹಾಲು ಹರಿಯಲಿಲ್ಲ. ಅಲುಗಾಡಿತು. ನನಗೆ ಓಕರಿಕೆ ಬಂತು, ಜೊತೆಗೆ ಅಳುವೂ ಬಂತು, ಎರಡರಲ್ಲಿ ಯಾವುದು ಮೊದಲು ಎಂದು ನಿಖರವಾಗಿ ಹೇಳಲಾರೆ.

ಚಿಗರಿ ಅದನ್ನು ಹೇಗೆ ತಿಂದಿತು ಎಂದು ಹೇಳಿದರೆ ನೀವು ನಗುತ್ತೀರಿ. ಬೆರಳ ತುದಿಯಲ್ಲಿ ಒಂದು ಚೂರು ಇಟ್ಟೆ. ಕೂಸು ಮುಖ ಕಿವಿಚಿತು, ನನ್ನ ರಕ್ತವೇ ಎಂದುಕೊಂಡೆ. ಆಮೇಲೆ ನನ್ನ ಬೆರಳನ್ನು ಹಿಡಿದುಕೊಂಡು, ಬಿಡದೆ, ಚೀಪಿತು. ಗದ್ದದಿಂದ ಕುತ್ತಿಗೆಗೆ ಬಿಳಿ ಜೊಲ್ಲು ಇಳಿಯುತ್ತಿತ್ತು, ಅದನ್ನು ಅಂಗೈಯಿಂದ ಕೆನ್ನೆಗೆ, ಕಣ್ಣಿಗೆ ಬಳಿದುಕೊಂಡು, ಇನ್ನೂ ಬೇಕೆಂದು ದನಿ ತೆಗೆಯಿತು. ದನಿ ಹೊರಗೆ ಬಂತು. ಪಕ್ಕದ ಕೋಣೆಯಿಂದ ದಾಕ್ಷಾಯಣಿ ಓಡಿ ಬಂದಳು. ಇಂದಿಗೆ ಇಪ್ಪತ್ತಮೂರು ದಿನ. ಕೂಸಿನ ತೊಡೆಯಲ್ಲಿ ಒಂದು ಮಡಿಕೆ ಬಿದ್ದಿದೆ. ವೈದ್ಯರು ಇನ್ನೂ ಏನೂ ಹೇಳುವುದಿಲ್ಲ ಎನ್ನುತ್ತಾರೆ, ಆದರೆ ಮಡಿಕೆಯನ್ನು ದಿನವೂ ಬಂದು ನೋಡಿಹೋಗುತ್ತಾರೆ. ನಾನು ದಿನವೂ ಶುದ್ಧಿಸಭೆಯ ಮೂವರು ಸಾಕ್ಷಿಗಳ ಎದುರಿಗೆ ಕೂತು ಒಂದು ಬಟ್ಟಲು ತಿನ್ನುತ್ತೇನೆ. ಅವರು ನನ್ನ ಬಾಯಿ ನೋಡಲಾರದೆ ಗೋಡೆ ನೋಡುತ್ತಾರೆ. ರುಚಿ ಹತ್ತಿತೇ ಎಂದು ಕೇಳುತ್ತಾರೆ. ಕಾದಂಬರಿಗಳಲ್ಲಿ ಇಷ್ಟು ಹೊತ್ತಿಗೆ ಹತ್ತಿರುತ್ತದೆ. ನನಗೆ ಹತ್ತಿಲ್ಲ. ಇಪ್ಪತ್ತಮೂರನೆಯ ಬಟ್ಟಲೂ ಮೊದಲನೆಯದರಷ್ಟೇ ಹೇಸಿಗೆ, ಸ್ವಲ್ಪ ಹೆಚ್ಚು ಹುಳಿ.

ಈಗ ನನ್ನ ಕೋರಿಕೆ. ಮುಂದಿನ ವಾರ ಒಂದು ಸಂಜೆ ನೀವು ದೇವರ ಮುಂದೆ ದೀಪ ಹಚ್ಚಿರುತ್ತೀರಿ. ಸಲೋಮಿ ಬಟ್ಟಲು ಹಿಡಿದು 'ಅಕ್ಕೋರ' ಎಂದು ಬಾಗಿಲಿಗೆ ಬರುತ್ತಾಳೆ. ನೀವು ಅವಳನ್ನು ಹೊರಗೆ ಕೂರಿಸಿ, ಅಡುಗೆಮನೆಯಲ್ಲಿ ನಿಂತುಕೊಂಡೇ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಯುತ್ತೀರಿ. ಆ ಹಾಳೆ ನಮ್ಮ ಹಾಲಿನಲ್ಲಿ ಕರಗಿದೆ, ಆದರೆ ನನಗೆ ಬಾಯಿಪಾಠ: "ದೀಪಾ ಹಚ್ಚಿದ ಮ್ಯಾಲೆ ಹೆಪ್ಪು ಕೊಟ್ರ ಮನಿ ಹಾಲು ಹೈನ ಹೋಗ್ತೈತಿ ಅಂತ ನಮ್ಮವ್ವ ಅಂತಿದ್ಲು. ಮುಂಜಾನೆ ಬಾ ಅಂದ್ರ, ಮುಂಜಾನೆ ಐದಕ್ಕ ಗಾಡಿ ಅಂತಾಳ. ಕೊಡದಿದ್ರ ಹುಡುಗಿ ಪರದೇಶದಾಗ ಏನ ತಿಂತೈತಿ? ಕೊಟ್ರ ಅವ್ವನ ಮಾತು ಮುರದಂಗ. ಏನ ಮಾಡ್ಲಿ." ಅಲ್ಲಿಗೆ ಹಾಳೆ ಮುಗಿಯುತ್ತದೆ. ಮುಂದಿನ ನೋಟುಬುಕ್ಕು ಯಾರಿಗೂ ಸಿಕ್ಕಿಲ್ಲ.

ತಾಯಿಯ ಮಾತು ಮುರಿಯಬೇಡಿ. ದೀಪ ಶಾಂತ ಮಾಡಿ. ಕತ್ತಲಲ್ಲಿ ಕೊಡಿ. ಮತ್ತೆ ಹಚ್ಚಿ. ನೀವು ಹಾಗೆಯೇ ಮಾಡಿದಿರಿ ಎಂಬುದಕ್ಕೆ ರೂತಮ್ಮನ ಮನೆ ಸಾಕ್ಷಿ. ಅದು ನಿಮಗೇ ಹೊಳೆದಿತ್ತೋ, ಈ ಕಾಗದ ಓದಿ ಮಾಡಿದಿರೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ನನ್ನ ಒಂದೇ ಕಾಗದವನ್ನು ಇದಕ್ಕೆ ಖರ್ಚು ಮಾಡಿದೆ. ಹೆಪ್ಪು ಅದ್ದಿ ಒಣಗಿಸಿ ಒಯ್ಯುವ ಅರಿವೆ ಚೊಕ್ಕಟವಿರಲಿ, ಆದರೆ ಅತಿ ಚೊಕ್ಕಟ ಬೇಡ. ಕುದಿಯುವ ನೀರಿನಲ್ಲಿ ತೊಳೆಯಬೇಡ ಎಂದು ಹುಡುಗಿಗೆ ಎರಡು ಸಲ ಹೇಳಿ.

ಸಂಜೆಯಾಗಿದೆ. ಜಗಳಕ್ಕೆ ಬಂದಿದ್ದ ನೆರೆಯಾಕೆ ಈಗ ನಮ್ಮ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತಿದ್ದಾಳೆ. ಅವಳ ತಂಗಿಯ ಕೂಸೂ ಬರಿಗರುಳಿನದು. ಮೂಗನ್ನು ಸೆರಗಿನಿಂದ ಮುಚ್ಚಿಕೊಂಡಿದ್ದಾಳೆ. ದಾಕ್ಷಾಯಣಿ ದೀಪಗಳನ್ನು ಆರಿಸುತ್ತಿದ್ದಾಳೆ, ಆದ್ದರಿಂದ ಇಲ್ಲಿಗೆ ನಿಲ್ಲಿಸಬೇಕು.

ನಿಮ್ಮನ್ನು ಬಲ್ಲ, ನಿಮ್ಮ ಊಟವನ್ನು ಒಪ್ಪದ,
ಪಾರವ್ವ ಏಳನೆಯ ಓಣಿ

ಕೊಟ್ಟ ಮೇಲೆ ಗಡಿಗೆಯ ಮುಚ್ಚಳವನ್ನು ಬಿಗಿಯಾಗಿ ಹಾಕಿ, ಅಕ್ಕೋರೆ. ವಾಸನೆ ಇಲ್ಲಿಯತನಕ ಬಂದಿದೆ.